ನಡೆದು ಬರುವಷ್ಟು ದೂರದಲ್ಲೊಂದು ಶಾಲೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಈ ಹಬ್ಬದಲ್ಲಿ ಮಾತನಾಡಲು ನನಗೆ ಕೊಟ್ಟಿರುವ ವಿಷಯ 'ಶಾಲೆ ಮತ್ತು ಮಕ್ಕಳ ಆರೋಗ್ಯ'. ಮೂವತ್ತಕ್ಕೂ ಹೆಚ್ಚು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿದವಳು ಎಂದು ಈ ವಿಷಯ ಕೊಟ್ಟಿರಬೇಕು. ಜಂತುಹುಳದ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಊಟಕ್ಕೆ ಮೊದಲು ಕೈ ತೊಳೆಯುವುದು, ಇವನ್ನೆಲ್ಲ ಈ ಶಾಲೆಯ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅವರಿಗೆ ಅದೆಲ್ಲ ಬಾಯಿಪಾಠವಾಗಿದೆ. ಆದ್ದರಿಂದ ಇವತ್ತು ಒಂದೇ ಒಂದು ಸಂಗತಿಯನ್ನು ಹಿಡಿದು ಮಾತಾಡುತ್ತೇನೆ. ಮಕ್ಕಳು ಶಾಲೆಗೆ ನಡೆದು ಬರುವ ಸಂಗತಿ.

"ನಮ್ಮ ಕಾಲದಲ್ಲಿ ಬರಿಗಾಲಲ್ಲಿ ಐದು ಮೈಲಿ ನಡೀತಿದ್ವಿ, ಈಗಿನ ಹುಡುಗರಿಗೆ ಗೇಟಿನ ತನಕ ಗಾಡಿ ಬೇಕು." ಈ ಮಾತನ್ನು ಇಲ್ಲಿರುವ ಹಿರಿಯರು ಮನೆಯಲ್ಲಿ ಒಂದಲ್ಲ ಒಂದು ದಿನ ಆಡಿಯೇ ಇರುತ್ತೀರಿ. ನಾನು ಆ ಮಾತು ಆಡಲು ಬಂದಿಲ್ಲ. ಏಕೆಂದರೆ ಐದು ಮೈಲಿ ನಡೆದು ಓದು ಮುಗಿಸಿದವರು ಮಾತ್ರ ಇಂಥ ಸಮಾರಂಭಗಳಲ್ಲಿ ಮೈಕಿನ ಮುಂದೆ ನಿಲ್ಲುತ್ತಾರೆ. ಅಷ್ಟು ದೂರ ನಡೆಯಲಾಗದೆ, ಮನೆಯವರು ಕಳಿಸದೆ, ಏಳನೇ ತರಗತಿಗೆ ಓದು ಬಿಟ್ಟವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಅವರ ಸಂಖ್ಯೆಯೇ ಹೆಚ್ಚು. ಅವರಲ್ಲಿ ಹೆಣ್ಣುಮಕ್ಕಳು ಇನ್ನೂ ಹೆಚ್ಚು.

ಈ ಶಾಲೆ ಬರುವ ಮೊದಲು ನಮ್ಮ ಕಡೆಯವರಿಗೆ ಹೈಸ್ಕೂಲು ಎಂದರೆ ತಾಲ್ಲೂಕು ಕೇಂದ್ರ. ದಿನಕ್ಕೆ ಎರಡು ಬಸ್ಸು, ಒಂದು ಕೆಟ್ಟರೆ ಒಂದೇ. ಗಂಡುಮಕ್ಕಳನ್ನು ಅಲ್ಲಿ ನೆಂಟರ ಮನೆಯಲ್ಲೋ ಹಾಸ್ಟೆಲಿನಲ್ಲೋ ಬಿಡುತ್ತಿದ್ದರು. ಹೆಣ್ಣುಮಕ್ಕಳಿಗೆ ಆ ಮಾತೇ ಇರಲಿಲ್ಲ. ನನ್ನ ದೊಡ್ಡಕ್ಕ ನನಗಿಂತ ಜಾಣೆ. ಏಳನೇ ತರಗತಿ ಪಾಸು ಮಾಡಿ ಮಾರನೆಯ ದಿನ ಹೂವಿನ ತೋಟದ ಕೂಲಿಗೆ ಹೋದಳು. ನಾನು ಏಳನೆಯದು ಮುಗಿಸುವ ಹೊತ್ತಿಗೆ ಈ ಶಾಲೆ ಬಂದಿತ್ತು. ಊರಿನವರೇ ಜಾಗ ಬಿಟ್ಟುಕೊಟ್ಟರು, ಎತ್ತಿನ ಗಾಡಿಯಲ್ಲಿ ಕಲ್ಲು ಹೇರಿದರು, ಎರಡು ಕೋಣೆ ಎದ್ದವು. ನಮ್ಮ ಹಟ್ಟಿಯಿಂದ ಇಲ್ಲಿಗೆ ಒಂದೂವರೆ ಕಿಲೋಮೀಟರು. "ಕೆರೆ ಏರಿ ಮೇಲೆ ನಿಂತರೆ ಶಾಲೆ ಕಾಣುತ್ತೆ, ಹೋಗಿ ಬರ್ಲಿ ಬಿಡು" ಎಂದರು ನಮ್ಮಪ್ಪ. ಅಕ್ಕನಿಗೂ ನನಗೂ ಇದ್ದ ವ್ಯತ್ಯಾಸ ಅಷ್ಟೇ. ಅಪ್ಪನ ಮನಸ್ಸೂ ಅದೇ, ಮನೆಯ ಬಡತನವೂ ಅದೇ. ಶಾಲೆಯ ದೂರ ಮಾತ್ರ ಬೇರೆಯಾಗಿತ್ತು.

ಇದು ನಮ್ಮೂರಿನ ಕಥೆ ಮಾತ್ರವಲ್ಲ. 2006ರಲ್ಲಿ ಬಿಹಾರ ಸರ್ಕಾರ ಒಂಬತ್ತನೇ ತರಗತಿಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಳ್ಳಲು ಹಣ ಕೊಡುವ ಯೋಜನೆ ತಂದಿತು. ಅದರ ಪರಿಣಾಮವನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಪ್ರೌಢಶಾಲೆಗೆ ಸರಿಯಾದ ವಯಸ್ಸಿಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇಕಡ 32ರಷ್ಟು ಏರಿತ್ತು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಈ ಏರಿಕೆ ಹೆಚ್ಚು ಕಂಡಿತು. ನಮ್ಮ ರಾಜ್ಯದಲ್ಲೂ 2006-07ರಲ್ಲೇ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದರು. ದೂರ ಕಡಿಮೆಯಾದರೆ ಮಗು ಓದುತ್ತದೆ ಎಂಬುದನ್ನು ನಮ್ಮ ಹಿರಿಯರು ಯಾವ ಅಧ್ಯಯನವೂ ಇಲ್ಲದೆ ತಿಳಿದಿದ್ದರು. ಅದಕ್ಕೇ ಶಾಲೆಯನ್ನು ಮಕ್ಕಳ ಕಾಲಿಗೆ ಎಟುಕುವಂತೆ ತಂದಿಟ್ಟರು.

ಈಗ ಬೆಳಿಗ್ಗೆ ಏಳೂವರೆಗೆ ನಮ್ಮ ಕ್ರಾಸಿನಲ್ಲಿ ನಿಂತು ನೋಡಿ. ಹಳದಿ ವ್ಯಾನುಗಳು ಬರುತ್ತವೆ. ಐದು ವರ್ಷದ ಮಗು ನಿದ್ದೆಗಣ್ಣಿನಲ್ಲಿ ಹತ್ತಿ ಪಟ್ಟಣಕ್ಕೆ ಹೋಗುತ್ತದೆ. ಅವರವರ ಇಷ್ಟ, ಅವರವರ ದುಡ್ಡು, ನಾನು ಟೀಕೆ ಮಾಡುವುದಿಲ್ಲ. ಆದರೆ ಒಂಬತ್ತು ಗಂಟೆಗೆ ಇದೇ ಶಾಲೆಯ ಗೇಟಿಗೆ ಬನ್ನಿ. ಅರ್ಧ ಕಿಲೋಮೀಟರಿನಿಂದ, ಒಂದು ಕಿಲೋಮೀಟರಿನಿಂದ ಬರುವ ಮಕ್ಕಳನ್ನೂ ಬೈಕಿನಲ್ಲಿ ತಂದು ಇಳಿಸುತ್ತಾರೆ. ಒಂದು ಬೈಕಿನ ಮೇಲೆ ಮೂವರು, ನಾಲ್ವರು. ಹೆಲ್ಮೆಟ್ ಇಲ್ಲ. ಇನ್ನು ಹತ್ತನೇ ತರಗತಿಯ ಕೆಲವು ಹುಡುಗರು ತಾವೇ ಗಾಡಿ ಓಡಿಸಿಕೊಂಡು ಬಂದು, ಮೇಷ್ಟ್ರಿಗೆ ಕಾಣದಂತೆ ಅಂಗಡಿಯ ಹಿಂದೆ ನಿಲ್ಲಿಸುತ್ತಾರೆ. ಹುಡುಗರೇ, ನಗಬೇಡಿ, ನಿಮ್ಮ ಹೆಸರು ಹೇಳುವುದಿಲ್ಲ. ನಿಮ್ಮ ಅಪ್ಪಂದಿರಿಗೆ ಒಂದು ಮಾತು ಹೇಳುತ್ತೇನೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ವಯಸ್ಸಿಗೆ ಬಾರದ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ತಪ್ಪಿತಸ್ಥರು ಗಾಡಿ ಕೊಟ್ಟ ನೀವೇ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಒಂದು ವರ್ಷ ಗಾಡಿಯ ನೋಂದಣಿ ರದ್ದು. ದಂಡ ಹೇಗೋ ಕಟ್ಟಬಹುದು. ನಾನು ಆರೋಗ್ಯ ಕೇಂದ್ರದಲ್ಲಿ ಪಟ್ಟಿ ಕಟ್ಟಿ ದೊಡ್ಡಾಸ್ಪತ್ರೆಗೆ ಕಳಿಸಿದ ಹುಡುಗರೆಲ್ಲ ಮನೆಗೆ ಮರಳಿಲ್ಲ.

ನಡೆಯುವುದರಿಂದ ಏನು ಲಾಭ ಎಂದು ಮಕ್ಕಳು ಕೇಳಬಹುದು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆಚ್ಚಗಾಗುವಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈಗ ಲೆಕ್ಕ ಹಾಕಿ. ಚುರುಕಾಗಿ ನಡೆದರೆ ಗಂಟೆಗೆ ನಾಲ್ಕು ಕಿಲೋಮೀಟರು ಆಗುತ್ತದೆ. ಮನೆ ಎರಡು ಕಿಲೋಮೀಟರು ದೂರವಿದ್ದರೆ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ದಿನದ 60 ನಿಮಿಷ ಅಲ್ಲಿಗೆ ಮುಗಿಯಿತು. ಇದಕ್ಕೆ ಶುಲ್ಕವಿಲ್ಲ, ಮೈದಾನ ಬೇಡ, ಬೇರೆ ಸಮಯ ಹೊಂದಿಸಬೇಕಾಗಿಲ್ಲ. ಎಲುಬು ಗಟ್ಟಿಯಾಗುವ ವಯಸ್ಸು ನಿಮ್ಮದು. ಈಗ ಕೂಡಿಟ್ಟದ್ದೇ ಮುಂದೆ ಮುದಿತನದವರೆಗೆ ಬರುವ ಗಂಟು. ನಾನು ಕೆಲಸಕ್ಕೆ ಸೇರಿದಾಗ ಸಕ್ಕರೆ ಕಾಯಿಲೆ ಪಟ್ಟಣದವರದು ಎನ್ನುತ್ತಿದ್ದೆವು. ನಿವೃತ್ತಿಯಾಗುವ ಹೊತ್ತಿಗೆ ಮೂವತ್ತೈದು ದಾಟದ ನಮ್ಮ ಹಳ್ಳಿಯ ಹುಡುಗರಿಗೇ ಮಾತ್ರೆ ಕೊಡುತ್ತಿದ್ದೆ.

ತಾಯಂದಿರಿಗೆ ಇನ್ನೊಂದು ಮಾತು. ಮಗಳು ಒಂದು ಕಿಲೋಮೀಟರು ನಡೆದರೆ ಏದುಸಿರು ಬಿಡುತ್ತಾಳೆ, ಸುಸ್ತು ಎನ್ನುತ್ತಾಳೆ ಎಂದರೆ ಅವಳನ್ನು ಗಾಡಿಯಲ್ಲಿ ಕಳಿಸುವುದು ಅದಕ್ಕೆ ಮದ್ದಲ್ಲ. ರಕ್ತ ಪರೀಕ್ಷೆ ಮಾಡಿಸಿ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ. ನಡೆಯುವ ಮಗುವಿನ ಆಯಾಸ ಬೇಗ ಕಣ್ಣಿಗೆ ಬೀಳುತ್ತದೆ. ಗಾಡಿಯಲ್ಲಿ ಕುಳಿತು ಬಂದರೆ ಅದು ತಿಳಿಯುವುದೇ ಇಲ್ಲ.

ಇಷ್ಟೆಲ್ಲ ಗೊತ್ತಿದ್ದರೂ ತಂದೆತಾಯಿ ಮಕ್ಕಳನ್ನು ಏಕೆ ನಡೆಸುತ್ತಿಲ್ಲ? ಸೋಮಾರಿತನದಿಂದಲ್ಲ. ಭಯದಿಂದ. ಮೂರು ವರ್ಷದ ಹಿಂದೆ ಕ್ರಾಸಿನಲ್ಲಿ ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗಿಗೆ ಗೂಡ್ಸ್ ಗಾಡಿ ಬಡಿದು ಕಾಲು ಮುರಿಯಿತು. ನಿಮಗೆಲ್ಲ ನೆನಪಿದೆ. ಆ ವಾರದಿಂದಲೇ ಪಾಳ್ಯದ ಕಡೆಯ ಮಕ್ಕಳು ನಡೆಯುವುದು ನಿಂತಿತು. ಅಪ್ಪಂದಿರು ಬೈಕು ತೆಗೆದರು. ಬೈಕು ಹೆಚ್ಚಾದಷ್ಟೂ ಗೇಟಿನ ಮುಂದೆ ನೂಕುನುಗ್ಗಲು ಹೆಚ್ಚಿತು. ಅದನ್ನು ನೋಡಿ ಇನ್ನಷ್ಟು ಜನ "ನಡೆಸಿ ಕಳಿಸೋದು ಬೇಡಪ್ಪ" ಎಂದು ಬೈಕು ತೆಗೆದರು. ಪ್ರತಿಯೊಬ್ಬರೂ ತಮ್ಮ ಮಗುವನ್ನು ಕಾಪಾಡಿಕೊಳ್ಳಲು ಹೊರಟಿದ್ದಾರೆ, ಒಟ್ಟಿನಲ್ಲಿ ಎಲ್ಲರ ಮಕ್ಕಳಿಗೂ ದಾರಿ ಅಪಾಯವಾಗಿದೆ. ಇದನ್ನು ಒಬ್ಬೊಬ್ಬರೇ ಬಿಡಿಸಲು ಆಗುವುದಿಲ್ಲ. ಊರು ಸೇರಿ ಬಿಡಿಸಬೇಕು.

ಹಾಗಾದರೆ ನಮ್ಮ ದಾರಿಗಳು ಹೇಗಿವೆ? ಈ ಭಾಷಣಕ್ಕೆಂದು ಕಳೆದ ತಿಂಗಳು ಮೂರು ದಿನ ಮಕ್ಕಳ ಜೊತೆ ಮೂರು ದಾರಿಯಲ್ಲಿ ನಡೆದು ನೋಡಿದೆ.

ಮೊದಲ ದಿನ ನಮ್ಮ ಹಟ್ಟಿಯಿಂದ ಕೆರೆ ಏರಿಯ ದಾರಿ. ಮಕ್ಕಳಿಗೆ ಇದೇ ಹತ್ತಿರ. ಆದರೆ ಏರಿಯ ಎರಡೂ ಬದಿ ಬಳ್ಳಾರಿ ಜಾಲಿ ಬೆಳೆದು ಒಬ್ಬರ ಹಿಂದೆ ಒಬ್ಬರು ನಡೆಯಬೇಕಾಗಿದೆ. "ಅಜ್ಜಿ, ಬೆಳಿಗ್ಗೆ ಈ ಕಡೆ ಬರ್ತೀವಿ, ಸಂಜೆ ಬರಲ್ಲ. ಜಾಲಿ ಮರೆಯಲ್ಲಿ ಕುಡಿಯೋರು ಕೂತಿರ್ತಾರೆ" ಎಂದಳು ಒಂಬತ್ತನೇ ತರಗತಿಯ ಹುಡುಗಿ. ಅದಕ್ಕೇ ಸಂಜೆ ಹೆಣ್ಣುಮಕ್ಕಳೆಲ್ಲ ಮುಖ್ಯರಸ್ತೆ ಸುತ್ತಿಕೊಂಡು ಹೋಗುತ್ತಾರೆ. ಒಂದೂವರೆ ಕಿಲೋಮೀಟರಿನ ದಾರಿ ಅವರಿಗೆ ಮೂರು ಕಿಲೋಮೀಟರು.

ಎರಡನೇ ದಿನ ಪಾಳ್ಯದಿಂದ ಮುಖ್ಯರಸ್ತೆಯ ದಾರಿ. ಡಾಂಬರಿನ ಅಂಚಿನಿಂದ ಆಚೆಗೆ ಕಾಲಿಡಲು ಜಾಗವಿಲ್ಲ, ಒಂದು ಕಡೆ ಚರಂಡಿ, ಇನ್ನೊಂದು ಕಡೆ ಜಲ್ಲಿ, ಮರಳಿನ ರಾಶಿ. ಮಕ್ಕಳು 'ಎಡಗಡೆ ನಡೆಯಬೇಕು' ಎಂದು ಕಲಿತು ಎಡಗಡೆಯಲ್ಲೇ ಹೋಗುತ್ತಾರೆ. ಮಕ್ಕಳೇ, ಎಡಗಡೆ ಹೋಗಬೇಕಾದದ್ದು ವಾಹನಗಳು. ಪಾದಚಾರಿ ಮಾರ್ಗವಿಲ್ಲದ ರಸ್ತೆಯಲ್ಲಿ ನಡೆಯುವವರು ಬಲಗಡೆಯ ಅಂಚಿನಲ್ಲಿ ಹೋಗಬೇಕು. ಆಗ ಬರುವ ಗಾಡಿ ನಿಮ್ಮ ಕಣ್ಣೆದುರೇ ಬರುತ್ತದೆ, ಪಕ್ಕಕ್ಕೆ ಸರಿಯಬಹುದು. ಎಡಗಡೆ ಹೋದರೆ ಗಾಡಿ ಬೆನ್ನ ಹಿಂದಿನಿಂದ ಬರುತ್ತದೆ. ಈ ಒಂದು ಮಾತನ್ನು ಇವತ್ತು ಮನೆಗೆ ಒಯ್ಯಿರಿ.

ಗಾಡಿ ಓಡಿಸುವವರಿಗೂ ಒಂದು ಲೆಕ್ಕವಿದೆ. ಗಂಟೆಗೆ 60 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಹೋಗುತ್ತದೆ. ಅಡ್ಡ ಬಂದ ಮಗುವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡಾದರೂ ಬೇಕು. ಬ್ರೇಕು ಹಿಡಿಯುವ ಮೊದಲೇ 17 ಮೀಟರು ಕಳೆದುಹೋಗಿರುತ್ತದೆ. 30ರ ವೇಗದಲ್ಲಿದ್ದರೆ ಅದು ಎಂಟೇ ಮೀಟರು. ಮಗುವಿನ ಜೀವ ಉಳಿಯುವುದೂ ಹೋಗುವುದೂ ಆ ಒಂಬತ್ತು ಮೀಟರಿನಲ್ಲಿ.

ಮೂರನೇ ದಿನ ತೋಟದ ಸಾಲಿನ ಹಳೆಯ ಬಂಡಿದಾರಿ. ನಮ್ಮ ಕಾಲದಲ್ಲಿ ಎರಡು ಹಳ್ಳಿಯ ಮಕ್ಕಳು ಹುಣಸೆಕಾಯಿ ಕಡಿಯುತ್ತ ಇದೇ ದಾರಿಯಲ್ಲಿ ಬರುತ್ತಿದ್ದೆವು. ಈಗ ನಡುವೆ ಒಂದು ಕಡೆ ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದಾರೆ, ಇನ್ನೊಂದು ಕಡೆ ತಂತಿಬೇಲಿ. ಯಾರ ಹೊಲ ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಆದರೆ ಗ್ರಾಮ ನಕಾಶೆ ತೆಗೆದು ನೋಡಿದರೆ ಹಳೆಯ ಬಂಡಿದಾರಿ, ಕಾಲುದಾರಿಗಳು ಅದರಲ್ಲಿ ಗುರುತಾಗಿರುತ್ತವೆ. 'ನಕಾಶೆ ಕಂಡ ದಾರಿ' ಎನ್ನುವುದು ಅದಕ್ಕೇ. ಅದು ಯಾರ ಸ್ವಂತದ್ದೂ ಅಲ್ಲ, ಊರಿನದು. ತಕರಾರು, ಕೋರ್ಟು ಬೇಡ. ಗ್ರಾಮ ಲೆಕ್ಕಿಗರನ್ನು ಕರೆಸಿ, ನಕಾಶೆ ಮುಂದಿಟ್ಟುಕೊಂಡು, ಅರಳಿಕಟ್ಟೆಯ ಮೇಲೆ ಕುಳಿತು ಮಾತಾಡಿದರೆ ಬಗೆಹರಿಯುವ ಸಂಗತಿ. ಐವತ್ತು ವರ್ಷದ ಹಿಂದೆ ಶಾಲೆಗೆ ಎಕರೆಗಟ್ಟಲೆ ಜಾಗ ಬಿಟ್ಟುಕೊಟ್ಟವರ ಮಕ್ಕಳು, ಮೊಮ್ಮಕ್ಕಳು ನೀವು. ಶಾಲೆಗೆ ಹೋಗುವ ಮಕ್ಕಳಿಗೆ ಆರಡಿ ದಾರಿ ಬಿಡಲಾರಿರಾ?

ಎಲ್ಲ ಮಕ್ಕಳೂ ನಡೆಯಬೇಕು ಎಂದು ನಾನು ಹೇಳುತ್ತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಐದನೇ ತರಗತಿಯವರೆಗೆ 1 ಕಿಲೋಮೀಟರು, ಆರರಿಂದ ಎಂಟಕ್ಕೆ 3 ಕಿಲೋಮೀಟರಿನೊಳಗೆ ಶಾಲೆ ಇರಬೇಕು ಎಂದಿದೆ. ಪ್ರೌಢಶಾಲೆ 5 ಕಿಲೋಮೀಟರಿನೊಳಗೆ ಇರಬೇಕೆಂಬುದು 2009ರ ಮಾಧ್ಯಮಿಕ ಶಿಕ್ಷಾ ಅಭಿಯಾನದ ಗುರಿಯಾಗಿತ್ತು. ನನ್ನ ಅನುಭವದಲ್ಲಿ ಎರಡು ಕಿಲೋಮೀಟರಿನೊಳಗಿನವರು ನಡೆಯಲಿ, ಎರಡರಿಂದ ಐದು ಕಿಲೋಮೀಟರಿನವರು ಸೈಕಲ್ ತುಳಿಯಲಿ, ಅದಕ್ಕೂ ಆಚೆಯವರು ಬಸ್ಸಿನಲ್ಲಿ ಬರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿದೆ. ದೂರದ ಹುಡುಗಿಯರಿಗೆ ಅದು ವರವೇ ಸರಿ. ಆದರೆ ಒಂದು ಕಿಲೋಮೀಟರಿಗಾಗಿ ಮುಕ್ಕಾಲು ಗಂಟೆ ಬಸ್ಸಿಗೆ ಕಾಯುವ ಹೊತ್ತಿಗೆ ನಡೆದು ಎರಡು ಸಲ ಮನೆ ಮುಟ್ಟಬಹುದು. ಅಂಗವಿಕಲ ಮಕ್ಕಳಿಗೆ, ಹುಷಾರಿಲ್ಲದವರಿಗೆ ಗಾಡಿ ಬೇಕೇ ಬೇಕು. ಅವರಿಗೆ ಗೇಟಿನ ಮುಂದೆ ಜಾಗ ಸಿಗಬೇಕಾದರೂ ಉಳಿದವರ ಗಾಡಿ ಕಡಿಮೆಯಾಗಬೇಕು.

ಇನ್ನು ನನ್ನ ಬೇಡಿಕೆಗಳು. ನಾಲ್ಕೇ ನಾಲ್ಕು.

ಮೊದಲನೆಯದು ಗ್ರಾಮ ಪಂಚಾಯಿತಿಯವರಿಗೆ. ಕೆರೆ ಏರಿಯ ಜಾಲಿ ಕಡಿಸಿ, ಅಲ್ಲಿ ಎರಡು ದೀಪ ಹಾಕಿಸಿ. ಕ್ರಾಸಿನಲ್ಲಿ ರಸ್ತೆ ಉಬ್ಬು, ಶಾಲಾ ವಲಯದ ಫಲಕ, ಬಿಳಿ ಪಟ್ಟೆ ಬೇಕೆಂದು ಲೋಕೋಪಯೋಗಿ ಇಲಾಖೆಗೆ ಪಂಚಾಯಿತಿಯ ನಿರ್ಣಯ ಕಳಿಸಿ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸುತ್ತೀರಿ. ಈ ಸಲ ಅದರಲ್ಲಿ ಹಾಡು, ಕುಣಿತ ಸ್ವಲ್ಪ ಕಡಿಮೆ ಮಾಡಿ, ಮೂರು ದಾರಿಗಳ ನಕ್ಷೆ ಬರೆಸಿ, ಎಲ್ಲಿ ಭಯ ಎಂದು ಮಕ್ಕಳಿಂದಲೇ ಕೇಳಿ. ಅದನ್ನು ಕ್ರಿಯಾಯೋಜನೆಗೆ ಸೇರಿಸಿ.

ಎರಡನೆಯದು ಶಿಕ್ಷಕರಿಗೆ. ದಾರಿವಾರು ಮಕ್ಕಳ ಗುಂಪು ಮಾಡಿ. ಜಪಾನಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಹೀಗೇ ಗುಂಪಾಗಿ ನಡೆದು ಹೋಗುತ್ತಾರೆ, ದೊಡ್ಡ ಮಕ್ಕಳು ಮುಂದೆ, ಚಿಕ್ಕವರು ನಡುವೆ. ರಸ್ತೆ ದಾಟುವ ಕಡೆ ಊರಿನ ಹಿರಿಯರು ಬಾವುಟ ಹಿಡಿದು ನಿಲ್ಲುತ್ತಾರೆ. ನಮ್ಮಲ್ಲೂ ಒಬ್ಬೊಬ್ಬರೇ ಬರುವುದಕ್ಕಿಂತ ಎಂಟು ಹತ್ತು ಜನ ಒಟ್ಟಿಗೆ ಬಂದರೆ ಗಾಡಿಯವನಿಗೂ ಕಾಣುತ್ತಾರೆ, ಚುಡಾಯಿಸುವವರೂ ದೂರ ನಿಲ್ಲುತ್ತಾರೆ. ಚೀಲದ ಭಾರವನ್ನೂ ನೋಡಿ. 2019ರ ಸರ್ಕಾರಿ ಆದೇಶದ ಪ್ರಕಾರ ಎಂಟನೇ ತರಗತಿಗೆ 3ರಿಂದ 4 ಕಿಲೋ, ಒಂಬತ್ತು, ಹತ್ತಕ್ಕೆ 4ರಿಂದ 5 ಕಿಲೋ ಮೀರಬಾರದು. ಆ ದಿನ ಒಬ್ಬ ಹುಡುಗನ ಚೀಲವನ್ನು ನಾನು ಹೊತ್ತು ನೋಡಿದೆ, ನನ್ನ ಹೆಗಲು ಎರಡು ದಿನ ನೋಯಿತು.

ಮೂರನೆಯದು ಹಳೆಯ ವಿದ್ಯಾರ್ಥಿಗಳಿಗೆ. ಬೆಂಗಳೂರಿನಿಂದ, ಮೈಸೂರಿನಿಂದ ಬಂದಿದ್ದೀರಿ. ಶಾಲೆಗೆ ಏನಾದರೂ ಮಾಡಬೇಕು ಎನ್ನುತ್ತೀರಿ. ಕಮಾನು, ರಂಗಮಂದಿರ ಆಮೇಲೆ ಆಗಲಿ. ಇಲ್ಲಿನ ಎಷ್ಟೋ ಮನೆಗಳಲ್ಲಿ ಸರ್ಕಾರ ಕೊಟ್ಟ ಸೈಕಲ್ಲುಗಳು ಟ್ಯೂಬಿಲ್ಲದೆ, ಚೈನಿಲ್ಲದೆ ದನದ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದಿವೆ. ಒಬ್ಬ ಸೈಕಲ್ ಶಾಪಿನವರನ್ನು ಎರಡು ದಿನ ಕರೆಸಿ, ಎಲ್ಲವನ್ನೂ ರಿಪೇರಿ ಮಾಡಿಸಿಕೊಡಿ. ದೂರದ ಮಕ್ಕಳಿಗೆ ಸಾಕು. ನಡೆದು ಬರುವವರಿಗೆ ಮಳೆಗಾಲಕ್ಕೆ ಒಂದೊಂದು ಕೊಡೆ ಕೊಟ್ಟರೆ ಇನ್ನೂ ಸಂತೋಷ.

ನಾಲ್ಕನೆಯದು ತಂದೆತಾಯಿಗಳಿಗೆ. ನಾಳೆಯಿಂದಲೇ ಎಲ್ಲ ಬಿಡಿ ಎನ್ನುವುದಿಲ್ಲ. ವಾರಕ್ಕೆ ಎರಡು ದಿನ ಮಕ್ಕಳ ಜೊತೆ ನೀವೂ ನಡೆದು ಬನ್ನಿ. ಬೈಕಿನಲ್ಲಿ ಬಿಡಲೇಬೇಕಾದರೆ ಗೇಟಿನ ತನಕ ಬರಬೇಡಿ, ಪಂಚಾಯಿತಿ ಕಚೇರಿಯ ಹತ್ತಿರ ಇಳಿಸಿ, ಉಳಿದದ್ದು ನಡೆಯಲಿ. ಹೆಣ್ಣುಮಕ್ಕಳು ದಾರಿಯಲ್ಲಿ ತೊಂದರೆಯಾಯಿತು ಎಂದು ಹೇಳಿದರೆ "ನಾಳೆಯಿಂದ ಶಾಲೆ ಬೇಡ" ಎನ್ನಬೇಡಿ. ಹಾಗೆಂದರೆ ಮುಂದೆ ಅವರು ಏನನ್ನೂ ಹೇಳುವುದಿಲ್ಲ. ಶಾಲೆಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098 ಇದೆ, ಪೊಲೀಸಿಗೆ 112 ಇದೆ. ತಪ್ಪು ಮಾಡಿದವನು ದಾರಿ ಬಿಡಲಿ, ನಮ್ಮ ಹುಡುಗಿ ಏಕೆ ಶಾಲೆ ಬಿಡಬೇಕು?

ಹಿರಿಯರು ಶಾಲೆಯನ್ನು ನಡೆದು ಬರುವಷ್ಟು ದೂರಕ್ಕೆ ತಂದರು. ಆ ದೂರ ಇವತ್ತಿಗೂ ಅಷ್ಟೇ ಇದೆ. ದಾರಿ ಮಾತ್ರ ಕೆಟ್ಟಿದೆ. ದಾರಿ ಕೆಟ್ಟರೆ ಹತ್ತಿರದ ಶಾಲೆಯೂ ದೂರವಾಗುತ್ತದೆ, ಹೇಗೂ ಗಾಡಿ ಹತ್ತಿಸಬೇಕಲ್ಲ ಎಂದು ಜನ ಪಟ್ಟಣದ ಶಾಲೆಗೇ ಹತ್ತಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಈ ಶಾಲೆ ಅರವತ್ತನೇ ವರ್ಷ ಕಾಣುವುದೇ ಕಷ್ಟ. ಆಗ ಮೊದಲು ಓದು ಬಿಡುವವರು ವ್ಯಾನಿಗೆ ದುಡ್ಡು ಕೊಡಲಾಗದ ಮನೆಯ ಮಕ್ಕಳು. ನನ್ನ ದೊಡ್ಡಕ್ಕನಂಥ ಹುಡುಗಿಯರು.

ಬರುವ ಸೋಮವಾರದಿಂದ ಹಟ್ಟಿಯ ಬೇವಿನ ಮರದ ಹತ್ತಿರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ನಾನು ನಿಂತಿರುತ್ತೇನೆ. ನಿವೃತ್ತಳಾದವಳಿಗೆ ಬೇರೆ ಏನು ಕೆಲಸ? ಆ ಕಡೆಯ ಮಕ್ಕಳೆಲ್ಲ ಅಲ್ಲಿಗೆ ಬನ್ನಿ, ಒಟ್ಟಿಗೆ ನಡೆಯೋಣ. ಪಾಳ್ಯದ ಕಡೆಯಿಂದ, ತೋಟದ ಸಾಲಿನಿಂದ ಒಬ್ಬೊಬ್ಬರು ಹಿರಿಯರು ಮುಂದೆ ಬಂದರೆ ಮೂರು ದಾರಿಗೂ ಆಗುತ್ತದೆ. ಇಷ್ಟವಿರುವವರು ಸಮಾರಂಭ ಮುಗಿದ ಮೇಲೆ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿರುವ ಪುಸ್ತಕದಲ್ಲಿ ಹೆಸರು ಬರೆಸಿ ಹೋಗಿ.